ಬೇಟೆ ನಾಯಿಗೆ ಮೆರವಣಿಗೆ ಸಾಕು, ಕೆಲಸ ಕೊಡಿ

ನಮ್ಮ ರಾಜ್ಯದಲ್ಲಿ ಮುಧೋಳ ನಾಯಿಯಷ್ಟು ಸನ್ಮಾನ ಕಂಡ ಪ್ರಾಣಿ ಇನ್ನೊಂದಿರಲಿಕ್ಕಿಲ್ಲ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರ ಹಾಕಿ ಅಂಚೆ ಚೀಟಿ ತಂದಿತು. 2016ರಲ್ಲಿ ಅದರ ಮರಿಗಳು ಸೇನೆಯ ತರಬೇತಿಗೆಂದು ಮೀರತ್‌ಗೆ ಹೋದವು. 2018ರ ವಿಧಾನಸಭಾ ಚುನಾವಣೆಯಲ್ಲಿ ಜಮಖಂಡಿಯ ಪ್ರಚಾರ ಸಭೆಗೆ ಬಂದ ಪ್ರಧಾನಿ, ಈ ನಾಯಿಗಳಿಂದಲಾದರೂ ದೇಶಭಕ್ತಿ ಕಲಿಯಬೇಕೆಂದು ವಿರೋಧ ಪಕ್ಷಕ್ಕೆ ಚುಚ್ಚಿದರು. 2020ರ ಆಗಸ್ಟ್ ತಿಂಗಳ ‘ಮನ್ ಕಿ ಬಾತ್’ನಲ್ಲಿ ಮತ್ತೆ ಅದರ ಹೆಸರು ಬಂತು. ಮರುವರ್ಷ ವಾಯುಪಡೆ ರನ್‌ವೇ ಮೇಲಿನ ಹಕ್ಕಿ ಓಡಿಸಲಿಕ್ಕೆ ಮರಿಗಳನ್ನು ಒಯ್ದಿತು. 2022ರಲ್ಲಿ ಪ್ರಧಾನಿಯ ಭದ್ರತೆ ನೋಡುವ ಎಸ್‌ಪಿಜಿಯೂ ಒಯ್ದಿತು. ಈ ನಡುವೆ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪ್ರಾಣಿ ಆನುವಂಶಿಕ ಸಂಪನ್ಮೂಲ ಬ್ಯೂರೋ, ತಮಿಳುನಾಡಿನ ರಾಜಪಾಳಯಂ ಮತ್ತು ಚಿಪ್ಪಿಪಾರೈ ಜೊತೆಗೆ ಮುಧೋಳವನ್ನೂ ದೇಶಿ ತಳಿಯೆಂದು ನೋಂದಾಯಿಸಿಕೊಂಡಿತು.

ಪ್ರತಿ ಸಲವೂ ಪತ್ರಿಕೆಗಳಲ್ಲಿ ಬಂದ ಮಾತು ಒಂದೇ: ಮುಧೋಳ ನಾಯಿ ಬೇಟೆಯಾಡುತ್ತದೆ, ಮನೆ ಕಾಯುತ್ತದೆ, ಗಡಿ ಕಾಯುತ್ತದೆ, ಬಾಂಬು ಹುಡುಕುತ್ತದೆ, ಹಕ್ಕಿ ಓಡಿಸುತ್ತದೆ. ಅಂದರೆ ಬಹುಮುಖ ನಾಯಿ. ಇಷ್ಟು ಮುಖ ಇರುವ ನಾಯಿಯ ತಾಯಿ-ತಂದೆಯನ್ನು ಯಾರು, ಯಾವ ಕೆಲಸ ನೋಡಿ ಆರಿಸಿದರು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದರೆ ಉತ್ತರ ಮುಜುಗರದ್ದು. ಎತ್ತರ ನೋಡಿ, ಬಣ್ಣ ನೋಡಿ, ಸೊಂಟ ಎಷ್ಟು ಸಣ್ಣ ಅಂತ ನೋಡಿ, ಮರಿ ಎಷ್ಟಕ್ಕೆ ಹೋಗುತ್ತದೆ ಅಂತ ನೋಡಿ ಆರಿಸಿದ್ದೇವೆ. ಕೆಲಸ ನೋಡಿ ಆರಿಸಿದವರು ಈ ಚಿತ್ರದಲ್ಲೇ ಇಲ್ಲ.

ಈ ಲೇಖನದ ವಾದ ಇಷ್ಟೇ. ಬೇಟೆ ನಾಯಿಯ ತಳಿ ಉಳಿಯಬೇಕಾದರೆ ಮರಿ ಹಾಕಿಸುವ ಮುನ್ನ ನಾಯಿಯ ಕೆಲಸವನ್ನು ಪರೀಕ್ಷೆ ಮಾಡಬೇಕು. ಆ ಪರೀಕ್ಷೆಯ ಕೆಲಸ ಬೇಟೆಯಾಗಿರಕೂಡದು. ಅದನ್ನು ನಡೆಸುವವರಲ್ಲಿ ತಲೆಮಾರುಗಳಿಂದ ಈ ನಾಯಿ ಸಾಕಿದ ಬೇಡರು, ಕುರುಬರು ಇರಲೇಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ನಮ್ಮ ಕೈಯಲ್ಲಿ ಉಳಿಯುವುದು ಮುಧೋಳದ ಆಕಾರ ಮಾತ್ರ.

ಮುಧೋಳ ಇರುವುದು ಬಾಗಲಕೋಟೆ ಜಿಲ್ಲೆಯಲ್ಲಿ. ಗದಗಿನವರಿಗೆ ಈ ಮಾತು ಯಾಕೆ ಬೇಕು ಎಂದು ಕೇಳಬಹುದು. ಉದ್ದ ಮೂತಿ, ಆಳವಾದ ಎದೆ, ಒಳಕ್ಕೆ ಸೇದಿಕೊಂಡ ಹೊಟ್ಟೆಯ ಈ ಮಾದರಿಯ ನಾಯಿ ಒಂದು ತಾಲ್ಲೂಕಿನ ಸೊತ್ತಾಗಿ ಎಂದೂ ಇರಲಿಲ್ಲ. ಅದು ದಖನ್ನಿನ ಬಯಲುಸೀಮೆಯ ಪ್ರಾಣಿ. ಕುರಿ ಎಲ್ಲಿ ನಡೆಯುತ್ತದೋ ಅಲ್ಲಿ ಅದೂ ನಡೆದಿದೆ. ಲಕ್ಷ್ಮೇಶ್ವರದ ಎರೆ ಹೊಲದಲ್ಲಿ, ಶಿರಹಟ್ಟಿ-ಮುಂಡರಗಿಯ ಮಸಾರಿ ದಿಬ್ಬಗಳಲ್ಲಿ, ಕಪ್ಪತಗುಡ್ಡದ ಅಂಚಿನ ಕುರುಚಲಿನಲ್ಲಿ ಕುರಿಹಿಂಡಿನ ಜೊತೆ ಇವತ್ತಿಗೂ ಇಂಥ ನಾಯಿ ಕಾಣುತ್ತವೆ. ಅವಕ್ಕೆ ಸರ್ಟಿಫಿಕೇಟು ಇಲ್ಲ. ಕೆಲವು ಪೂರ್ತಿ ಮುಧೋಳ ಅಲ್ಲ, ಕೆಲವು ಅರ್ಧ, ಕೆಲವು ಯಾವುದೆಂದು ಹೇಳಲಿಕ್ಕೇ ಬರುವುದಿಲ್ಲ. ಇನ್ನು ಗದಗ-ಬೆಟಗೇರಿಯ ಓಣಿಗಳಲ್ಲಿ ಕಾಣುವ ಮುಧೋಳ ಬೇರೆ. ಅದು ಮೊಬೈಲ್‌ನಲ್ಲಿ ಫೋಟೊ ನೋಡಿ ತಂದ ಮರಿ. ಆರು ತಿಂಗಳಲ್ಲಿ ಬೆಳೆದು ನಿಂತು, ಓಡಲು ಜಾಗವಿಲ್ಲದೆ ಮಾಳಿಗೆ ಮೇಲೆ ಕಟ್ಟಿಸಿಕೊಂಡು, ಹಗಲೆಲ್ಲ ಊಳಿಡುವ ನಾಯಿ. ಮೊದಲನೆಯದಕ್ಕೆ ಕೆಲಸ ಇದೆ, ಹೆಸರಿಲ್ಲ. ಎರಡನೆಯದಕ್ಕೆ ಹೆಸರಿದೆ, ಕೆಲಸ ಇಲ್ಲ. ನಮ್ಮ ತಳಿ ಸಂರಕ್ಷಣೆಯ ಹಣ, ಪ್ರಚಾರ, ಬಹುಮಾನ ಎಲ್ಲವೂ ಎರಡನೆಯದರ ಕಡೆಗೇ ವಾಲಿವೆ.

ಹೆಸರಿನ ಮಾತು ಬಂತು. ಈ ನಾಯಿಗೆ ಕಾಗದದ ಮೇಲೆ ಎರಡು ಹೆಸರಿವೆ. ಕೆನಲ್ ಕ್ಲಬ್ ಆಫ್ ಇಂಡಿಯಾ ಇದನ್ನು ಕ್ಯಾರವಾನ್ ಹೌಂಡ್ ಎನ್ನುತ್ತದೆ, ಇಂಡಿಯನ್ ನ್ಯಾಷನಲ್ ಕೆನಲ್ ಕ್ಲಬ್ ಮುಧೋಳ ಹೌಂಡ್ ಎನ್ನುತ್ತದೆ. ಒಂದು ಹೆಸರು ದಾರಿಯಲ್ಲಿ ಹೋದ ವ್ಯಾಪಾರಿಗಳ ಸಾಲನ್ನು ನೆನೆಯುತ್ತದೆ, ಇನ್ನೊಂದು ಸಂಸ್ಥಾನವನ್ನು ನೆನೆಯುತ್ತದೆ. ಎಲ್ಲರೂ ಹೇಳುವ ಕತೆಯೂ ಹಾಗೇ ಇದೆ: ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಬೆಳೆಸಿದರು, ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಒಂದು ಜೋಡಿ ಮರಿ ಕಾಣಿಕೆ ಕೊಟ್ಟರು. ಅದೇ ಕತೆಯ ಒಂದು ಸಾಲನ್ನು ಎಲ್ಲರೂ ಬೇಗ ದಾಟಿಬಿಡುತ್ತಾರೆ. ರಾಜರು ಈ ನಾಯಿಯನ್ನು ಮೊದಲು ನೋಡಿದ್ದು ಎಲ್ಲಿ? ಸುತ್ತಲಿನ ಬೇಡರ ಬಳಿ, ಅವರು ಅದನ್ನು ಬೇಟೆಗೆ ಬಳಸುತ್ತಿದ್ದಾಗ. ಅಂದರೆ ಅರಮನೆಯ ಅಂಗಳಕ್ಕೆ ಬರುವ ಮುನ್ನವೇ ನಾಯಿ ತಯಾರಿತ್ತು. ಎಷ್ಟೋ ತಲೆಮಾರು ಓಡಲಾರದ್ದನ್ನು ಬಿಟ್ಟು, ಕಚ್ಚುಬುಡುಕನನ್ನು ಬಿಟ್ಟು, ಹಿಡಿದ ಮೊಲವನ್ನು ತಾನೇ ತಿಂದುಬಿಡುವುದನ್ನು ಬಿಟ್ಟು, ಒಳ್ಳೆಯದನ್ನು ಒಳ್ಳೆಯದಕ್ಕೆ ಕೂಡಿಸಿ ಬೇಡರು ಅದನ್ನು ತಯಾರು ಮಾಡಿದ್ದರು. ಘೋರ್ಪಡೆಯವರ ಆಸಕ್ತಿಯನ್ನು ನಾನು ಹೀಗಳೆಯುತ್ತಿಲ್ಲ. ಅರಮನೆ ಕೈಹಿಡಿಯದಿದ್ದರೆ ಈ ನಾಯಿಯ ಹೆಸರೂ ನಮಗೆ ತಲುಪುತ್ತಿರಲಿಲ್ಲವೇನೋ. ಆದರೆ ಕಂಡವರ ಹೆಸರು ಉಳಿದು ಮಾಡಿದವರ ಹೆಸರು ಅಳಿಸಿಹೋದದ್ದನ್ನು ಇತಿಹಾಸ ಎಂದು ಸುಮ್ಮನೆ ಒಪ್ಪಿಕೊಳ್ಳಲಾರೆ.

ಹಲಗಲಿ ಇದೇ ಮುಧೋಳ ತಾಲ್ಲೂಕಿನ ಊರು. 1857ರಲ್ಲಿ ಆಯುಧ ಒಪ್ಪಿಸಿ ಎಂದು ಕಂಪನಿ ಸರಕಾರ ಹುಕುಂ ಹೊರಡಿಸಿದಾಗ ತಿರುಗಿಬಿದ್ದ ಬೇಡರ ಊರು. ಆ ದಂಗೆಯ ಲಾವಣಿಯನ್ನು ನಾವು ಪಠ್ಯಪುಸ್ತಕದಲ್ಲಿ ಓದಿದ್ದೇವೆ, ಪರೀಕ್ಷೆಯಲ್ಲಿ ಸಂದರ್ಭ ಸಹಿತ ವಿವರಿಸಿದ್ದೇವೆ. ಬೇಟೆಯ ಆಯುಧವೇ ಒಂದು ಸಮುದಾಯದ ಬದುಕಾಗಿತ್ತು ಎಂದು ಅಧ್ಯಾಪಕರು ಹೇಳಿಕೊಟ್ಟಿದ್ದಾರೆ. ಅದೇ ಬದುಕಿನ ಇನ್ನೊಂದು ಭಾಗ ನಾಯಿ. ಹಲಗಲಿಯ ಬೇಡರೂ ಮುಧೋಳದ ನಾಯಿಯೂ ಒಂದೇ ನೆಲದ ಒಂದೇ ಕತೆ ಎಂದು ಯಾವ ತರಗತಿಯಲ್ಲೂ ಯಾರೂ ಹೇಳಲಿಲ್ಲ. ಲಾವಣಿ ಕನ್ನಡ ವಿಭಾಗಕ್ಕೆ ಬಂತು, ನಾಯಿ ಪಶುವೈದ್ಯ ವಿಭಾಗಕ್ಕೆ ಹೋಯಿತು, ಬೇಡರು ಎರಡೂ ಕಡೆ ಹೊರಗುಳಿದರು.

ಕನ್ನಡಕ್ಕೆ ಇದಕ್ಕಿಂತ ಒಳ್ಳೆಯ ನೆನಪು ಇತ್ತು. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಹತ್ತನೆಯ ಶತಮಾನದ್ದು, ರಾಷ್ಟ್ರಕೂಟ ಮೂರನೇ ಕೃಷ್ಣನ ಕಾಲದ್ದು. ತಕ್ಕೋಲದ ಯುದ್ಧದಲ್ಲಿ ಗಂಗರ ಬೂತುಗನ ಕಡೆ ಹೋರಾಡಿದ ಮಣಲೇರನಿಗೆ, ಏನು ಬೇಕೋ ಕೇಳು ಎಂದು ದೊರೆ ಹೇಳಿದ. ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ದೊರೆಯ ಬೇಟೆ ನಾಯಿ ಕಾಳಿಯನ್ನು ಕೇಳಿದ. ಆ ಕಾಳಿ ಮುಂದೆ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಹಂದಿಯೂ ನಾಯಿಯೂ ಕೂಡಿಯೇ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿ ಬಿಟ್ಟರು. ನಾಯಿಯ ಹೆಸರನ್ನು ಕಲ್ಲಿನಲ್ಲಿ ಬರೆದ ಭಾಷೆ ನಮ್ಮದು. ಆ ಶಾಸನ ನಾಯಿಯ ಎತ್ತರ, ಬಣ್ಣ ಹೇಳುವುದಿಲ್ಲ, ಮಾಡಿದ ಕೆಲಸ ಹೇಳುತ್ತದೆ.

ಇನ್ನೊಂದು ನೆನಪು ನಮ್ಮ ಕಡೆಯದು. ಮುಂಡರಗಿಯಿಂದ ತುಂಗಭದ್ರೆ ದಾಟಿದರೆ ಹೂವಿನಹಡಗಲಿ ತಾಲ್ಲೂಕು, ಅಲ್ಲಿಯ ಮೈಲಾರದಲ್ಲಿ ಮೈಲಾರಲಿಂಗ. ಕುದುರೆ ಏರಿದ ಆ ದೇವರ ಮೂರ್ತಿಯ ಜೊತೆ ನಾಯಿ ಇರುತ್ತದೆ. ಅವನ ಗೊರವಯ್ಯಗಳು ನಾಯಿಯಂತೆ ಬೊಗಳುತ್ತಾರೆ, ದೋಣಿಯಲ್ಲಿ ಸುರಿದ ಹಾಲು-ಬಾನವನ್ನು ನಾಯಿಯಂತೆ ಬಾಗಿ ಉಣ್ಣುತ್ತಾರೆ. ಹೊರಗಿನವರಿಗೆ ಇದು ವಿಚಿತ್ರ ಆಚರಣೆ. ಕುರಿ ಕಾಯುವವರಿಗೆ ಇದರಲ್ಲಿ ವಿಚಿತ್ರ ಏನೂ ಇಲ್ಲ. ರಾತ್ರಿ ಹಟ್ಟಿಯ ಸುತ್ತ ಎಚ್ಚರ ಇರುವ ಪ್ರಾಣಿಯ ಜಾಗದಲ್ಲಿ ತಾನು ನಿಂತು ದೇವರ ಮುಂದೆ ಉಣ್ಣುವುದು ಅವಮಾನ ಅಲ್ಲ ಎಂದು ಗೊತ್ತಿರುವ ಜನ ಅವರು. ಇಂಥ ಜನರಿಗೆ ಪ್ರದರ್ಶನದ ದಿನ ಬಂದು ‘ದೇಶಿ ನಾಯಿಯ ಮಹತ್ವ’ದ ಮೇಲೆ ಭಾಷಣ ಮಾಡುತ್ತೇವೆ.

ಈಗ ಕಷ್ಟದ ಮಾತಿಗೆ ಬರೋಣ. ಬೇಟೆ ನಾಯಿಗೆ ಕೆಲಸ ಬೇಕು ಎಂದ ಕೂಡಲೆ ಒಂದು ಗುಂಪು ಚಪ್ಪಾಳೆ ತಟ್ಟುತ್ತದೆ. ಯುಗಾದಿಯ ಸುತ್ತಮುತ್ತ ಮೊಲದ ಹಿಂದೆ ನಾಯಿ ಬಿಟ್ಟು, ಸತ್ತ ಮೊಲವನ್ನು ಕೋಲಿಗೆ ಕಟ್ಟಿ, ವಿಡಿಯೋ ಮಾಡಿ ಹಾಕುವ ಹುಡುಗರ ಗುಂಪು ಅದು. ‘ನಮ್ಮ ಸಂಪ್ರದಾಯ, ನಮ್ಮ ತಳಿ, ಬೇಟೆ ಬಿಟ್ರ ತಳಿ ಉಳಿಯೂದಿಲ್ಲ’ ಎನ್ನುತ್ತಾರೆ. ಅವರ ಜೊತೆ ನಾನಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆ ಎಂದರೆ ಕೊಲ್ಲುವುದು ಮಾತ್ರ ಎಂದು ಹೇಳುವುದಿಲ್ಲ. ಕಾಡುಪ್ರಾಣಿಯ ಹಿಂದೆ ನಾಯಿ ಬಿಟ್ಟು ಅಟ್ಟಿಸುವುದು, ಹಿಡಿಯುವುದು, ಹಾಗೆ ಪ್ರಯತ್ನ ಪಡುವುದು ಕೂಡ ಅದರ ಲೆಕ್ಕದಲ್ಲಿ ಬೇಟೆಯೇ. ಕೃಷ್ಣಮೃಗ ಆ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಮೊಲಕ್ಕೂ ರಕ್ಷಣೆ ಇದೆ.

ಕಾಯ್ದೆಯ ಭಯ ಒಂದೇ ಕಾರಣ ಅಲ್ಲ. ಗದಗ ಜಿಲ್ಲೆಯ ಕಾಡು ಎಷ್ಟಿದೆ? ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಲ್ಲಿ ಹರಡಿದ ಕಪ್ಪತಗುಡ್ಡ, ಅದೂ ಗಣಿಗಾರಿಕೆಯ ವಿರುದ್ಧ ಜನ ಬೀದಿಗಿಳಿದ ಮೇಲೆ, 2019ರಲ್ಲಿ ವನ್ಯಜೀವಿಧಾಮ ಆದದ್ದು. ಅಲ್ಲಿ ತೋಳ ಇವೆ, ಕತ್ತೆಕಿರುಬ ಇವೆ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಆ ಕೆರೆ ರಾಮ್‌ಸಾರ್ ಪಟ್ಟಿ ಸೇರಿತು. ಇಂಥ ಕಡೆ ಬಿಟ್ಟ ನಾಯಿ ಹಲ್ಲಿನಿಂದ ಕೊಲ್ಲಬೇಕೆಂದೇನೂ ಇಲ್ಲ. ಲಸಿಕೆ ಹಾಕಿಸದ ನಾಯಿಯಿಂದ ರೇಬೀಸ್, ಡಿಸ್ಟೆಂಪರ್ ತೋಳಕ್ಕೆ ದಾಟಬಹುದು. ಉಳಿದಿರುವ ಒಂದು ಗುಡ್ಡ, ಒಂದು ಕೆರೆಯನ್ನು ನಮ್ಮ ಹೆಮ್ಮೆಯ ನಾಯಿಗೆ ಆಟದ ಮೈದಾನ ಮಾಡುವುದು ಸಂಪ್ರದಾಯ ಅಲ್ಲ, ದರೋಡೆ. ಹಿಂದಿನವರು ಹಸಿವಿಗೆ ಮೊಲ ಹಿಡಿದರು, ಇವರು ಲೈಕಿಗೆ ಹಿಡಿಯುತ್ತಿದ್ದಾರೆ.

ಹಾಗಾದರೆ ಬೇಟೆ ಬಿಟ್ಟು ಬೇಟೆ ನಾಯಿಯ ತಳಿ ಉಳಿಸುವುದು ಹೇಗೆ? ಇಲ್ಲಿ ಹೊರಗಿನ ಒಂದು ಉದಾಹರಣೆ ಕೆಲಸಕ್ಕೆ ಬರುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನಿಯಲ್ಲಿ ‘ಹೇಗೆವಾಲ್ಡ್’ ಎಂಬ ಅಂಕಿತದಲ್ಲಿ ಬರೆಯುತ್ತಿದ್ದವರೊಬ್ಬರು ಆ ಕಾಲದ ನಾಯಿ ಪ್ರದರ್ಶನಗಳ ವಿರುದ್ಧ ಹರಿಹಾಯ್ದರು. ಬೇಟೆಗಾರನಿಗೆ ಬೇಕಾದದ್ದು ಬಯಲಿನಲ್ಲಿ ಹಕ್ಕಿ ತೋರಿಸುವ, ನೀರಿಗಿಳಿದು ಎತ್ತಿ ತರುವ, ಗಾಯಗೊಂಡು ಓಡಿದ ಪ್ರಾಣಿಯ ಜಾಡು ಹಿಡಿಯುವ ಒಂದೇ ನಾಯಿ. ಮೈಮೇಲಿನ ಕೂದಲು ಆಮೇಲಿನ ಮಾತು. ಈ ವಿಚಾರದಿಂದಲೇ ‘ಬಹುಮುಖ ಬೇಟೆ ನಾಯಿ’ ಎಂಬ ಮಾತು ಹುಟ್ಟಿತು. ಜರ್ಮನಿಯ ಡ್ರಾಟ್‌ಹಾರ್ ತಳಿಯ ಸಂಘದಲ್ಲಿ ಇವತ್ತಿಗೂ ಎಳೆಯ ನಾಯಿ ವಸಂತದ ಪರೀಕ್ಷೆ, ಶರತ್ಕಾಲದ ಪರೀಕ್ಷೆ ಪಾಸಾಗದೆ ಅದರ ಮರಿ ನೋಂದಣಿಯಾಗುವುದಿಲ್ಲ. ಉತ್ತರ ಅಮೆರಿಕದಲ್ಲಿ 1969ರಲ್ಲಿ ಹುಟ್ಟಿದ ಬಹುಮುಖ ಬೇಟೆ ನಾಯಿಗಳ ಸಂಘ ಮಾಡಿದ್ದೂ ಇದನ್ನೇ. ಅಲ್ಲಿ ನಾಯಿ ಇನ್ನೊಂದು ನಾಯಿಯ ಜೊತೆ ಸ್ಪರ್ಧೆ ಮಾಡುವುದಿಲ್ಲ, ಒಂದು ಅಳತೆಗೆ ತಕ್ಕ ಹಾಗೆ ಇದೆಯೋ ಇಲ್ಲವೋ ಎಂದಷ್ಟೇ ನೋಡುತ್ತಾರೆ. ಹದಿನಾರು ತಿಂಗಳ ಒಳಗಿನ ನಾಯಿಗೆ ಬೇರೆಯೇ ಪರೀಕ್ಷೆ, ತರಬೇತಿಗಿಂತ ಹುಟ್ಟುಗುಣ ಎಷ್ಟಿದೆ ಎಂದು ತಿಳಿಯಲಿಕ್ಕೆ.

ಜರ್ಮನ್ನರ ಬೇಟೆಯನ್ನು ಇಲ್ಲಿಗೆ ತನ್ನಿ ಎಂದು ನಾನು ಹೇಳುತ್ತಿಲ್ಲ. ಅವರ ನಾಯಿ ಮೂಗಿನ ನಾಯಿ, ಬಂದೂಕಿನ ಜೊತೆ ನಡೆಯುವ ನಾಯಿ. ನಮ್ಮದು ಕಣ್ಣಿನ ನಾಯಿ. ದೂರದಲ್ಲಿ ಅಲುಗಿದ್ದನ್ನು ಕಂಡ ಕೂಡಲೆ ಬಾಣದಂತೆ ಹೊರಡುವುದು ಅದರ ರಕ್ತದ ಗುಣ. ಅದನ್ನು ಬಾಂಬು ಮೂಸಲಿಕ್ಕೆ ಕಳಿಸಿ, ಸರಿಯಾಗಿ ಮೂಸಲಿಲ್ಲ ಎಂದರೆ ತಪ್ಪು ನಾಯಿಯದಲ್ಲ. ಮೂಸುವ ಕೆಲಸಕ್ಕೆ ಅದೇ ಬೇಕೆಂದಿದ್ದರೆ ಮೂಸುವ ತಾಯಿ, ಮೂಸುವ ತಂದೆಯನ್ನು ಮೊದಲೇ ಆರಿಸಬೇಕಿತ್ತು. ಪತ್ರಿಕಾ ಹೇಳಿಕೆಯಲ್ಲಿ ಕೊಟ್ಟ ಬಹುಮುಖತೆ ಮರಿಯ ರಕ್ತಕ್ಕೆ ಇಳಿಯುವುದಿಲ್ಲ. ಜರ್ಮನ್ನರಿಂದ ಕಲಿಯಬೇಕಾದದ್ದು ಒಂದು ನಿಯಮ ಮಾತ್ರ: ಪರೀಕ್ಷೆ ಮೊದಲು, ಮರಿ ಆಮೇಲೆ.

ಪರೀಕ್ಷೆಯಲ್ಲಿ ಏನು ನೋಡಬೇಕು? ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ಪುಸ್ತಕದಲ್ಲಿ ಅಲ್ಲ. ಸಂಶೋಧನೆಯ ಕೆಲಸಕ್ಕೆ ಶಿರಹಟ್ಟಿ ಕಡೆಯ ಕುರಿಗಾರರ ಕತೆ-ಹಾಡು ದಾಖಲಿಸಿಕೊಳ್ಳುವಾಗ ಒಬ್ಬ ಹಿರಿಯರನ್ನು, ‘ಅಜ್ಜಾ, ಚಲೋ ನಾಯಿ ಅಂದ್ರ ಯಾವುದು?’ ಎಂದು ಕೇಳಿದ್ದೆ. ‘ತಮ್ಮಾ, ಓಡೋ ನಾಯಿ ಎಲ್ಲಾರ ಕಡೆನೂ ಐತಿ. ಕರದ್ರ ತಿರುಗಿ ಬರೋ ನಾಯಿ ಯಾರ ಕಡೆ ಐತಿ ಹೇಳು’ ಎಂದರು. ಅಲ್ಲೇ ಕುಳಿತಿದ್ದ ಅವರ ಸೊಸೆ ಇನ್ನೊಂದು ಮಾತು ಸೇರಿಸಿದರು: ‘ಕೂಸು ಕಿವಿ ಜಗ್ಗಿದ್ರೂ ಸುಮ್ನಿರಬೇಕ್ರಿ. ಇಲ್ಲಂದ್ರ ಆ ನಾಯಿ ನಮಗ ಬ್ಯಾಡ.’

ಈ ಎರಡು ಮಾತಿನಲ್ಲಿ ಪೂರ್ತಿ ಪರೀಕ್ಷೆಯ ಪಟ್ಟಿ ಇದೆ. ಯಂತ್ರದಿಂದ ಎಳೆಯುವ ಬಟ್ಟೆಯ ತುಂಡಿನ ಹಿಂದೆ ನಾಯಿಯನ್ನು ಓಡಿಸಬಹುದು. ಜೀವ ಇಲ್ಲದ ಬಟ್ಟೆಗೆ ನೋವಿಲ್ಲ, ನಾಯಿಯ ಕಣ್ಣು, ಕಾಲು, ತಿರುವು, ದಮ್ಮು ಎಲ್ಲ ಗೊತ್ತಾಗುತ್ತದೆ. ಹೊರಗಿನ ಹಲವು ದೇಶಗಳಲ್ಲಿ ಇಂಥ ಓಟ ನಡೆಯುತ್ತದೆ. ಅರ್ಧ ಓಟದಲ್ಲಿ ಕೂಗಿದರೆ ನಾಯಿ ನಿಲ್ಲುತ್ತದೋ ನೋಡಬೇಕು. ಕುರಿಹಿಂಡಿನ ನಡುವೆ ಬಿಟ್ಟರೆ ಕುರಿ ಬೆದರದ ಹಾಗೆ ನಡೆಯುತ್ತದೋ ನೋಡಬೇಕು. ರಾತ್ರಿ ಹಟ್ಟಿಯ ಹತ್ತಿರ ಅಪರಿಚಿತ ಸದ್ದಾದರೆ ಎದ್ದು ಎಚ್ಚರಿಸುತ್ತದೋ, ಎಚ್ಚರಿಸಿದ ಮೇಲೆ ಸುಮ್ಮನಾಗುತ್ತದೋ ನೋಡಬೇಕು. ಬೇಸಿಗೆಯ ಬಿಸಿಲಲ್ಲಿ ಹಿಂಡಿನ ಜೊತೆ ಒಂದು ದಿನದ ದಾರಿ ನಡೆದು, ಸಂಜೆ ರೊಟ್ಟಿ ತಿಂದು, ಮರುದಿನ ಮತ್ತೆ ನಡೆಯುತ್ತದೋ ನೋಡಬೇಕು. ಮಕ್ಕಳ ಹತ್ತಿರ, ಹೆಂಗಸರ ಹತ್ತಿರ ಸ್ವಭಾವ ನೋಡಬೇಕು. ಇವೆಲ್ಲ ಪಾಸಾದ ನಾಯಿಯನ್ನು ಬಹುಮುಖ ಎಂದು ಕರೆಯಲು ನನಗೆ ಅಡ್ಡಿಯಿಲ್ಲ.

ಗಮನಿಸಿ, ಪಟ್ಟಿಯಲ್ಲಿ ಓಟದಷ್ಟೇ ತಡೆಯೂ ಇದೆ. ಕನ್ನಡ ಓದುವವರಿಗೆ ಇದು ಹೊಸದಾಗಬಾರದು. ಜನ್ನನ ಯಶೋಧರ ಚರಿತೆಯಲ್ಲಿ ಯಶೋಮತಿ ರಾಜ ಸುದತ್ತ ಮುನಿಯ ಮೇಲೆ ಐನೂರು ಬೇಟೆ ನಾಯಿ ಛೂ ಬಿಡುತ್ತಾನೆ, ನಾಯಿಗಳು ಮುನಿಯ ಮುಂದೆ ನಿಂತುಬಿಡುತ್ತವೆ. ಜೈನ ಕವಿ ಅದನ್ನು ಪವಾಡವಾಗಿ ಬರೆದ. ನಾಯಿ ಸಾಕಿದವರಿಗೆ ಗೊತ್ತು, ಕಚ್ಚಬಲ್ಲ ನಾಯಿ ಕಚ್ಚದೆ ನಿಲ್ಲುವುದು ಪವಾಡ ಅಲ್ಲ, ಪಾಲನೆ. ತೇಜಸ್ವಿಯವರ ‘ಕಿವಿ’ಯನ್ನು ಓದಿ ನಕ್ಕವರು ನಾವು. ಆ ನಾಯಿಯನ್ನು ನಾವು ಅದರ ತಳಿಗಾಗಿ ಪ್ರೀತಿಸಲಿಲ್ಲ, ಅದು ಮಾಡುವ ಕೆಲಸಕ್ಕೆ, ಕೆಡಿಸುವ ಕೆಲಸಕ್ಕೆ ಪ್ರೀತಿಸಿದೆವು.

ಎರಡನೆಯ ವಿರೋಧ ಪ್ರಾಣಿಪ್ರಿಯರದು. ಬೀದಿಯಲ್ಲಿ ಇಷ್ಟು ನಾಯಿ ಹಸಿದಿರುವಾಗ ತಳಿ ಬೆಳೆಸುವುದೇ ತಪ್ಪು, ದತ್ತು ತೆಗೆದುಕೊಳ್ಳಿ ಎನ್ನುತ್ತಾರೆ. ಪಟ್ಟಣದಲ್ಲಿ ಮನೆಗೊಂದು ನಾಯಿ ಬೇಕು ಎನ್ನುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ಮಾಳಿಗೆ ಮೇಲೆ ಮುಧೋಳ ಕಟ್ಟುವುದಕ್ಕಿಂತ ಓಣಿಯ ಮರಿ ಸಾಕುವುದು ಸಾವಿರ ಪಾಲು ವಾಸಿ. ಆದರೆ ಇನ್ನೂರು ಕುರಿ ಹೊಡೆದುಕೊಂಡು ಊರೂರು ತಿರುಗುವವರಿಗೆ ‘ಯಾವುದೋ ಒಂದು’ ನಾಯಿ ಆಗುವುದಿಲ್ಲ. ತೋಳ ಬಂದ ರಾತ್ರಿ ಮಲಗಿಬಿಡುವ ನಾಯಿ ಅವರಿಗೆ ಒಂದು ವರ್ಷದ ಆದಾಯದ ನಷ್ಟ. ಇನ್ನೊಂದು ಮಾತು: ನಾಯಿ ಚೆನ್ನಾಗಿ ಎಚ್ಚರಿಸಿದರೆ ಕುರಿಗಾರ ತೋಳಕ್ಕೆ ವಿಷ ಇಡುವ ಯೋಚನೆ ಮಾಡುವುದಿಲ್ಲ. ಕಪ್ಪತಗುಡ್ಡದ ತೋಳ ಉಳಿಯಬೇಕೆಂದರೆ ಹಟ್ಟಿಯ ನಾಯಿ ಒಳ್ಳೆಯದಿರಬೇಕು. ಕಣ್ಣಿನ ನಾಯಿ ಒಂದೇ ಸಾಲದು, ಮೈಕಟ್ಟಿನ ಕಾವಲು ನಾಯಿಯೂ ಜೊತೆಗಿರಬೇಕು ಎಂದು ಕುರಿಗಾರರೇ ಹೇಳುತ್ತಾರೆ. ಎರಡೂ ಸಾಕುವುದು ಅವರಿಗೆ ಗೊತ್ತು.

ಮರಿ ಮಾರುವವರ ಬಗ್ಗೆಯೂ ಹೇಳಬೇಕು. ಮುಧೋಳದ ಸುತ್ತ ನೂರಾರು ಕುಟುಂಬಗಳು ಈ ನಾಯಿ ಸಾಕಿ ಬದುಕುತ್ತಿವೆ, ಅವರ ಹೊಟ್ಟೆಯ ಮೇಲೆ ಹೊಡೆಯುವುದು ನನ್ನ ಉದ್ದೇಶ ಅಲ್ಲ. ಅವರ ಪೈಪೋಟಿ ಸಣ್ಣ ಹಳ್ಳಿಯವನ ಜೊತೆಗಿಲ್ಲ, ವರ್ಷವಿಡೀ ಮರಿ ಹಾಕಿಸುವ ದಲ್ಲಾಳಿಯ ಜೊತೆಗಿದೆ. 2017ರಲ್ಲಿ ಬಂದ ನಾಯಿ ತಳಿ ಮತ್ತು ಮಾರಾಟದ ನಿಯಮಗಳು ಇದ್ದೇ ಇವೆ: ಮರಿ ಹಾಕಿಸುವವರು ನೋಂದಣಿ ಮಾಡಿಸಬೇಕು, ಹದಿನೆಂಟು ತಿಂಗಳು ತುಂಬದ ಹೆಣ್ಣಿಗೆ ಮರಿ ಹಾಕಿಸಬಾರದು, ವರ್ಷಕ್ಕೆ ಒಂದೇ ಸೂಲು, ಜೀವಮಾನದಲ್ಲಿ ಐದೇ ಸೂಲು, ಎಂಟು ವಾರ ತುಂಬದ ಮರಿ ಮಾರಬಾರದು. ಈ ನಿಯಮ ನೋಡಿದವರು ನಮ್ಮ ಕಡೆ ಎಷ್ಟು ಜನ? ಹೆಣ್ಣು ನಾಯಿಯ ಬಾಣಂತನ ನೋಡುವವರು, ಜೋಳದ ನುಚ್ಚು ಕುದಿಸಿ ಮಜ್ಜಿಗೆ ಕಲಸಿ ಮರಿಗಳಿಗೆ ಉಣಿಸುವವರು ಮನೆಯ ಹೆಂಗಸರು. ಪ್ರದರ್ಶನದ ಕಪ್ಪು ಹಿಡಿದು ಫೋಟೊಕ್ಕೆ ನಿಲ್ಲುವವರು ಗಂಡಸರು. ಯಾವ ಹೆಣ್ಣು ನಾಯಿ ಮರಿಯನ್ನು ತುಳಿಯುತ್ತದೆ, ಯಾವುದಕ್ಕೆ ಹಾಲು ಕಡಿಮೆ, ಯಾವ ಸೂಲಿನ ಮರಿ ಅಂಜುಬುರುಕ ಎಂಬ ಲೆಕ್ಕ ಆ ಹೆಂಗಸರ ತಲೆಯಲ್ಲಿದೆ. ಯಾವ ವಂಶಾವಳಿ ಪುಸ್ತಕದಲ್ಲೂ ಅದು ಬರೆದಿಲ್ಲ.

ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ಇದೆ. ಸೇನೆಗೆ, ಪೊಲೀಸರಿಗೆ ಮರಿ ಹೋದದ್ದು ಅಲ್ಲಿಂದಲೇ. ತಳಿ ಪೂರ್ತಿ ಕಲಬೆರಕೆಯಾಗುವ ಹೊತ್ತಿನಲ್ಲಿ ಅಂಥ ಕೇಂದ್ರವೊಂದು ನಿಂತದ್ದು ದೊಡ್ಡ ಉಪಕಾರ. ಆದರೆ ಕೆಲವೇ ಗಂಡು ನಾಯಿಗಳಿಂದ ಹೆಚ್ಚು ಮರಿ ತೆಗೆದರೆ ಯಾವ ತಳಿಯಾದರೂ ಒಳಗಿಂದ ಸೊರಗುತ್ತದೆ. ರಕ್ತ ಹತ್ತಿರವಾಗುತ್ತದೆ, ರೋಗ ಗಟ್ಟಿಯಾಗುತ್ತದೆ. ಹೊಸ ರಕ್ತ ಎಲ್ಲಿಂದ ತರಬೇಕು? ಓಟದ ಪಂದ್ಯ ಗೆಲ್ಲುವ ಆಸೆಗೆ ಗ್ರೇಹೌಂಡ್ ಬೆರೆಸುವವರ ಅಂಗಳದಿಂದ ಅಲ್ಲ. ಕಾಗದ ಇಲ್ಲದೆ ಕುರಿಹಿಂಡಿನ ಹಿಂದೆ ನಡೆಯುತ್ತಿರುವ ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರದ ನಾಯಿಗಳಿಂದ ತರಬೇಕು. ಕೆಲಸದ ಪರೀಕ್ಷೆ ಪಾಸಾದ ನಾಯಿಗೆ, ಅದರ ಅಜ್ಜ-ಮುತ್ತಜ್ಜನ ಹೆಸರು ಗೊತ್ತಿಲ್ಲದಿದ್ದರೂ, ವಂಶಾವಳಿ ಪುಸ್ತಕದ ಬಾಗಿಲು ತೆರೆದಿರಬೇಕು.

ಆದ್ದರಿಂದ ಬೇಡಿಕೆಗಳನ್ನು ಸ್ಪಷ್ಟವಾಗಿ ಇಡುತ್ತೇನೆ. ಗದಗಿನಲ್ಲೇ ಪಶುವೈದ್ಯಕೀಯ ಕಾಲೇಜು ಇದೆ. ವರ್ಷಕ್ಕೊಮ್ಮೆ, ಸುಗ್ಗಿ ಮುಗಿದು ಹೊಲ ಖಾಲಿ ಇರುವಾಗ, ಕಾಡಿನಿಂದ, ಕೆರೆಯಿಂದ ದೂರದ ಬಯಲಿನಲ್ಲಿ ನಾಯಿಗಳ ಕೆಲಸದ ಪರೀಕ್ಷೆ ನಡೆಸಲಿ. ತೀರ್ಪುಗಾರರಲ್ಲಿ ಅರ್ಧ ಜನ ಪಶುವೈದ್ಯರಿರಲಿ, ಅರ್ಧ ಜನ ಕುರಿಗಾರರು, ಬೇಡ ಸಮುದಾಯದ ಹಿರಿಯರು ಇರಲಿ. ಅವರಲ್ಲಿ ಹೆಂಗಸರೂ ಇರಲಿ, ಎಲ್ಲರಿಗೂ ದಿನದ ಸಂಬಳ ಇರಲಿ. ಪರೀಕ್ಷೆಗೆ ಬಂದ ಪ್ರತಿ ನಾಯಿಗೂ ರೇಬೀಸ್ ಮತ್ತು ಡಿಸ್ಟೆಂಪರ್ ಲಸಿಕೆಯನ್ನು ಪುಕ್ಕಟೆ ಹಾಕಲಿ. ಪಾಸಾದ ನಾಯಿಯ ದಾಖಲೆಯಲ್ಲಿ ಅದನ್ನು ಬೆಳೆಸಿದ ಮನೆತನದ ಹೆಸರು ಬರಲಿ. ಆ ನಾಯಿಯ ಮರಿಯನ್ನು ಸರಕಾರಿ ಪಡೆ ಕೊಂಡರೆ ಬೆಲೆಯಲ್ಲಿ ಅವರಿಗೆ ಪಾಲು ಸಿಗಲಿ. ಮೊಲ, ಚಿಗರಿ ಹಿಂದೆ ನಾಯಿ ಬಿಟ್ಟವರಿಗೆ ಕೇಸಿನ ಜೊತೆಗೆ, ಅವರ ನಾಯಿಯ ಮರಿಗೆ ನೋಂದಣಿಯೂ ಇಲ್ಲ ಎಂದಾಗಲಿ. ಇದರಲ್ಲಿ ಯಾವುದಕ್ಕೂ ಕೋಟಿ ರೂಪಾಯಿ ಬೇಕಿಲ್ಲ. ಪ್ರದರ್ಶನದ ಪೆಂಡಾಲಿಗೆ, ಶಾಲು-ಹಾರಕ್ಕೆ ಆಗುವ ಖರ್ಚಿನಲ್ಲಿ ಬಹುಪಾಲು ಮುಗಿಯುತ್ತದೆ.

ಇದನ್ನು ಓದುವ ಹೆಚ್ಚಿನವರು ನನ್ನ ಹಾಗೆ ವಿದ್ಯಾರ್ಥಿಗಳು, ಸಾಹಿತ್ಯದವರು. ನಾಯಿಯ ತಳಿ ನಮ್ಮ ವಿಷಯ ಅಲ್ಲ ಎಂದು ಪುಟ ಮುಚ್ಚಬೇಡಿ. ಕುರಿಗಾರರ ಹಾಡು ಸಂಗ್ರಹಿಸಲು ಹೋದವರು ಹಾಡು ಬರೆದುಕೊಂಡು ಬರುತ್ತೇವೆ, ಪಕ್ಕದಲ್ಲಿ ಮಲಗಿದ ನಾಯಿಯ ಹೆಸರನ್ನೂ ಕೇಳುವುದಿಲ್ಲ. ಮುಂದಿನ ಸಲ ಹೋದಾಗ ಕೇಳಿ. ಅದರ ತಾಯಿ ಯಾವುದು, ಯಾರ ಹಟ್ಟಿಯಿಂದ ಬಂತು, ಯಾಕೆ ಅದನ್ನೇ ಇಟ್ಟುಕೊಂಡರು, ಯಾವುದನ್ನು ಬಿಟ್ಟರು ಎಂದು ಕೇಳಿ ಬರೆದುಕೊಳ್ಳಿ. ನಾಲ್ಕೈದು ತಲೆಮಾರಿನ ಆ ಲೆಕ್ಕ ಬರೆಹಕ್ಕೆ ಬಂದರೆ ಅದೇ ಈ ತಳಿಯ ಮೊದಲ ನಿಜವಾದ ವಂಶಾವಳಿ. ಅದನ್ನು ಹೇಳಬಲ್ಲ ಹಿರಿಯರು ಇನ್ನೂ ಇದ್ದಾರೆ. ಅವರ ಮಕ್ಕಳು ಕುರಿ ಮಾರಿ ಹುಬ್ಬಳ್ಳಿಗೆ, ಗೋವಾಕ್ಕೆ ಕೆಲಸಕ್ಕೆ ಹೋಗುತ್ತಿದ್ದಾರೆ. ಹಿಂಡು ಹೋದ ಮೇಲೆ ನಾಯಿ ಇರುವುದಿಲ್ಲ, ನಾಯಿಯನ್ನು ಬಲ್ಲವರೂ ಇರುವುದಿಲ್ಲ. ಆಗ ಅಂಚೆ ಚೀಟಿ ತೆಗೆದು 2005ರಲ್ಲಿ ಹೀಗೊಂದು ನಾಯಿ ಇತ್ತು ಎಂದು ತೋರಿಸಬೇಕಾಗುತ್ತದೆ.